ನೆಲದ ಮೇಲಿನ ಮುಗಿಲು

ಶೃಂಗೇರಿಯಿಂದ ಹತ್ತು ಕಿಲೋಮೀಟರಿನಷ್ಟು ದೂರ, ನರಸಿಂಹ ಪರ್ವತದ ಮಗ್ಗುಲಲ್ಲಿ ಕಿಗ್ಗವಿದೆ. ಆಳುಪ ಅರಸರ ಕಾಲದ ಶಾಸನಗಳನ್ನು ಕಾಪಾಡಿಕೊಂಡು ಬಂದ ಹಳೆಯ ಊರು. ಇಲ್ಲಿ ನೆಲೆಸಿದ ಋಷ್ಯಶೃಂಗನನ್ನು ನಾಡು ಮಳೆದೇವರೆಂದೇ ಕರೆಯುತ್ತದೆ. ಬಯಲುಸೀಮೆ ಬಾಯಾರಿದ ವರ್ಷ ಮಳೆ ಬರಲೆಂದು, ಮಲೆನಾಡು ತೊಯ್ದು ಸೋತ ವರ್ಷ ಮಳೆ ನಿಲ್ಲಲೆಂದು ಇದೇ ಗುಡಿಯಲ್ಲಿ ಪೂಜೆ ಸಲ್ಲುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಮೊದಲು ಪರ್ವತ ಮಾಯವಾಗುತ್ತದೆ, ಆಮೇಲೆ ತೋಟದಾಚೆಯ ಕಾಡು, ಕೊನೆಗೆ ಅಂಗಳದಂಚಿನ ಅಡಿಕೆ ಮರಗಳ ತಲೆ. ಅಂಥ ಹೊತ್ತಿನಲ್ಲಿ ದಾರಿ ಬಲ್ಲವನೂ ಕಾಲಿಗೆ ತಾಗುವ ಕಲ್ಲನ್ನು ನಂಬಿ ನಡೆಯುತ್ತಾನೆ, ಕಣ್ಣನ್ನಲ್ಲ.

ಮಹಾಭಾರತದ ವನಪರ್ವ ಈ ಮುನಿಕುಮಾರನ ಕಥೆಯಲ್ಲಿ ಒಂದು ಸೋಜಿಗದ ವಸ್ತುವನ್ನು ನಮ್ಮ ಮುಂದಿಡುತ್ತದೆ. ಅಂಗದೇಶಕ್ಕೆ ಮಳೆಯಿಲ್ಲ, ಋಷ್ಯಶೃಂಗ ಬಂದು ಕಾಲಿಟ್ಟರೆ ಮಳೆ ಬರುತ್ತದೆಂದು ಅರಸ ರೋಮಪಾದನಿಗೆ ತಿಳಿದವರು ಹೇಳಿದ್ದಾರೆ. ತಂದೆ ವಿಭಾಂಡಕನನ್ನು ಬಿಟ್ಟು ಬೇರೆ ಮನುಷ್ಯರನ್ನೇ ಕಾಣದೆ ಬೆಳೆದ ಹುಡುಗನನ್ನು ಕಾಡಿನಿಂದ ಕರೆತರುವುದು ಹೇಗೆ? ಒಬ್ಬ ಮುದಿ ಗಣಿಕೆ ದೋಣಿಯ ಮೇಲೆ ಆಶ್ರಮವನ್ನೇ ಕಟ್ಟಿಸಿದಳು. ಮರ ಕೃತಕ, ಬಳ್ಳಿ ಕೃತಕ, ಹೂವೂ ಹಣ್ಣೂ ಕೃತಕ. ಹುಡುಗ ಒಂದು ಆಶ್ರಮದಿಂದ ಇನ್ನೊಂದಕ್ಕೆ ಬಂದೆನೆಂದುಕೊಂಡ. ಅಷ್ಟರಲ್ಲಿ ಕಾಲಡಿಯ ನೆಲ ತೇಲತೊಡಗಿತ್ತು.

ದಿಟವನ್ನು ಹೋಲುವ ಹುಸಿಯೊಂದನ್ನು ಕಟ್ಟಿ ಅದರೊಳಗೆ ಮನುಷ್ಯನನ್ನು ಕೂರಿಸುವ ಕೌಶಲ ಅಷ್ಟು ಹಳೆಯದು. ಇಪ್ಪತ್ತನೆಯ ಶತಮಾನದಲ್ಲಿ ಲೋಕ ಅದನ್ನು ಮತ್ತೆ ಕೈಗೆತ್ತಿಕೊಂಡಿತು, ಆಕಾಶಕ್ಕೇರುವ ಯೋಧರಿಗಾಗಿ. ಈ ಸಲ ಒಳಗೆ ಕುಳಿತವನಿಗೆ ಅದು ಹುಸಿಯೆಂದು ಮೊದಲೇ ಗೊತ್ತಿತ್ತು. ಮೋಸದ ಕಲೆ ವಿದ್ಯೆಯಾಗಿ ಮಾರ್ಪಟ್ಟದ್ದು ಅಲ್ಲಿಂದ.

ಹಾರುವವನಿಗೆ ಮೊದಲ ವೈರಿಯಾಗಿ ಎದುರಾದದ್ದು ಮೋಡ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ದೇಹ ತಿರುಗಿದೊಡನೆ ಅವು ಸುಳಿವು ಕೊಡುತ್ತವೆ. ತಿರುವು ಒಂದೇ ಸಮನೆ ಮುಂದುವರಿದರೆ ದ್ರವವೂ ಜೊತೆಗೇ ತಿರುಗಿ ಸುಳಿವು ನಿಂತುಹೋಗುತ್ತದೆ. ಮೋಡದೊಳಗೆ ದಿಗಂತ ಕಾಣದ ಪೈಲಟ್, ವಿಮಾನ ವಾಲಿ ಸುರುಳಿ ಸುತ್ತುತ್ತ ಇಳಿಯುತ್ತಿದ್ದರೂ ತಾನು ನೆಟ್ಟಗೇ ಹೋಗುತ್ತಿದ್ದೇನೆಂದು ನಂಬುತ್ತಾನೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರಲು ಕಲಿಯದ 20 ಮಂದಿಗೆ ಹೊರಗಿನ ನೋಟ ಮರೆಮಾಡಿ ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು; ಮೂರು ನಿಮಿಷ ತುಂಬಲಿಲ್ಲ.

ಆ ವೈರಿಗೆ ಮದ್ದು ಸಿದ್ಧವಾದದ್ದು ಒಂದು ವಾದ್ಯದ ಕಾರ್ಖಾನೆಯಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನ ತಂದೆ ಪಿಯಾನೊ, ಆರ್ಗನ್ ತಯಾರಿಸುತ್ತಿದ್ದರು. ತಿದಿಯೊಳಗೆ ಗಾಳಿಯನ್ನು ಎಳೆದು, ಬಿಟ್ಟು ನಾದ ಹೊಮ್ಮಿಸುವ ಮರ್ಮ ಬಲ್ಲ ಮಗ, ಅದೇ ತಿದಿಗಳ ಮೇಲೆ ಮರದ ಪುಟ್ಟ ವಿಮಾನವೊಂದನ್ನು ಕೂರಿಸಿ 1929ರ ಹೊತ್ತಿಗೆ ಅದನ್ನು ವಾಲುವಂತೆ, ಮೂಗು ಎತ್ತುವಂತೆ, ತಿರುಗುವಂತೆ ಮಾಡಿದ. ಆದರೆ ಅದನ್ನು ಮೊದಲು ಕೊಂಡವರು ಜಾತ್ರೆ ಮೋಜಿನ ತಾಣಗಳವರು. ಸೈನ್ಯ ಕಣ್ಣು ತೆರೆಯಲು ಸಾವುಗಳೇ ಬೇಕಾದವು. 1934ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನದಳ ಅಂಚೆ ಸಾಗಿಸುವ ಹೊಣೆ ಹೊತ್ತು, ಚಳಿಗಾಲದ ಮಂಜಿನಲ್ಲಿ ಪೈಲಟ್‌ಗಳನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡಿತು. ಅಧಿಕಾರಿಗಳ ಭೇಟಿಗೆಂದು ಲಿಂಕ್ ದಟ್ಟ ಮಂಜಿನ ನಡುವೆ ಉಪಕರಣಗಳನ್ನಷ್ಟೇ ನಂಬಿ ಹಾರಿಬಂದು ನೆವಾರ್ಕ್‌ನಲ್ಲಿಳಿದ. ಅದೇ ವರ್ಷ ಸೈನ್ಯ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಿತ್ರರಾಷ್ಟ್ರಗಳ ಐದು ಲಕ್ಷಕ್ಕೂ ಮಿಕ್ಕಿದ ವೈಮಾನಿಕರು ಲಿಂಕ್ ಯಂತ್ರದಲ್ಲಿ ಕುಳಿತೆದ್ದಿದ್ದರು. ಭಾರತದ ವಾಯುಪಡೆಯ ಶಿಷ್ಯರೂ ಆ ಸಾಲಿನವರೇ.

ಆ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ನೀಲಿ ಬಣ್ಣದ ಮರದ ಒಡಲು, ಹಳದಿಯ ಗಿಡ್ಡ ರೆಕ್ಕೆ. ಶಿಷ್ಯ ಒಳಗೆ ಕುಳಿತೊಡನೆ ತಲೆಯ ಮೇಲೆ ಮುಚ್ಚಳ ಇಳಿಯುತ್ತದೆ. ಕತ್ತಲೆಯಲ್ಲಿ ಉಳಿಯುವುದು ಮಂಕಾಗಿ ಬೆಳಗುವ ಮುಳ್ಳುಗಳು, ಕೆಳಗೆ ತಿದಿಗಳ ಏದುಸಿರು. ಹೊರಗೆ ಮೇಜಿನ ಮುಂದೆ ಗುರು. ಮೇಜಿನ ಮೇಲೆ ಹಾಸಿದ ಭೂಪಟದಲ್ಲಿ ಮೂರು ಚಕ್ರದ ಸಣ್ಣದೊಂದು ಗಾಡಿ ಏಡಿಯಂತೆ ಹರಿದಾಡಿ, ಶಿಷ್ಯ ಹಾರಿದ ದಾರಿಯನ್ನು ಶಾಯಿಯಲ್ಲಿ ಬರೆಯುತ್ತದೆ. ಮುಚ್ಚಳ ತೆರೆದು ಹೊರಬಂದವನಿಗೆ ಗುರು ಬೈಯಬೇಕಾಗಿಲ್ಲ, ಆ ಗೆರೆ ತೋರಿಸಿದರೆ ಸಾಕು. ನೆಟ್ಟಗೆ ಹಾರಿದೆನೆಂದು ಅವನು ಆಣೆ ಮಾಡಬಲ್ಲ ಕಡೆಯಲ್ಲೇ ಗೆರೆ ಡೊಂಕಾಗಿ ಬೆಟ್ಟವನ್ನು ಹಾಯ್ದಿರುತ್ತದೆ. ಬೆಟ್ಟಕ್ಕೆ ಬಡಿದೂ ಬದುಕಿ, ಬಡಿದದ್ದು ಏಕೆಂದು ಅರಿತು, ಮರಳಿ ಒಳಹೊಕ್ಕು ಕೂರುವ ಅವಕಾಶ ಅದಕ್ಕಿಂತ ಹಿಂದಿನ ಯಾವ ವೈಮಾನಿಕನಿಗೂ ಇರಲಿಲ್ಲ.

ಕನ್ನಡ ನಾಡಿನಲ್ಲಿ ವಿಮಾನ ತಯಾರಿಕೆಯ ಕಾಲ ಆರಂಭವಾದದ್ದು 1940ರ ಡಿಸೆಂಬರ್‌ನಲ್ಲಿ. ವಾಲ್‌ಚಂದ್ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. 1956ರಲ್ಲಿ ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ಮಾರುತ್ ಯುದ್ಧವಿಮಾನದ ಕೆಲಸ ಹಿಡಿದರು. ಆ ರೂಪದ ವಿಮಾನ ಹಿಂದೆ ಇಲ್ಲಿ ಹುಟ್ಟಿದ್ದಿಲ್ಲ. ಅದು ಕೈಗೆ ಹೇಗೆ ಬಗ್ಗೀತು, ಇಳಿಯುವಾಗ ಹೇಗೆ ನಡೆದುಕೊಂಡೀತು ಎಂದು ತಿಳಿಸಬಲ್ಲ ಗಣಕ ಯಂತ್ರಗಳು ಅಂದು ಇರಲಿಲ್ಲ. ಅದಕ್ಕೇ ವಿಮಾನದಷ್ಟೇ ದೊಡ್ಡದಾದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. 1959ರಿಂದ ಡಕೋಟಾ ವಿಮಾನ ಅದನ್ನು ಹಗ್ಗದಿಂದ ಎಳೆದೊಯ್ದು ಮೇಲೆ ಬಿಡುತ್ತಿತ್ತು. 78 ಸಲ ಅದು ಹಾರಿತು. ದೋಣಿಯ ಮೇಲಿನ ಮರಗಳಂತೆ ಇದೂ ಹುಸಿ ವಿಮಾನವೇ. ಆದರೆ ಗಾಳಿ ದಿಟದ್ದು, ಅದರಿಂದ ಕಲಿತದ್ದೂ ದಿಟ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಏರಿ ಬೆಂಗಳೂರಿನ ಆಕಾಶ ಸೇರಿದಾಗ ಆ ಮೈಕಟ್ಟು ಗಾಳಿಗೆ ಹೊಸದಾಗಿರಲಿಲ್ಲ.

ಅದೇ ಕಾಲದಲ್ಲಿ ಅದೇ ಊರಿನಲ್ಲಿ ಇನ್ನೊಂದು ಸಾಧನೆ ನಡೆದಿತ್ತು. ವಿಮಾನವನ್ನು ಅನುಕರಿಸಿದಂತೆ, ವಿಮಾನ ಮನುಷ್ಯನ ಮೈಗೆ ಕೊಡುವ ಪಾಡನ್ನೂ ನೆಲದ ಮೇಲೆ ಅನುಕರಿಸಬೇಕಿತ್ತು. 1957ರಲ್ಲಿ ವಾಯುಪಡೆ ಬೆಂಗಳೂರಿನಲ್ಲಿ ವೈಮಾನಿಕ ವೈದ್ಯ ಶಾಲೆ ತೆರೆಯಿತು. ಇಂದಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಅದೇ. ಉದ್ದ ತೋಳಿನ ತುದಿಗೆ ಪೈಲಟ್‌ನನ್ನು ಕೂರಿಸಿ ಗಿರಗಿರನೆ ಸುತ್ತಿಸುವ ಯಂತ್ರ ಅಲ್ಲಿಗೆ ಬಂತು. ವೇಗ ಏರಿದಂತೆ ಅರವತ್ತು ಕಿಲೋ ತೂಗುವವನು ಮುನ್ನೂರು ಕಿಲೋ ಭಾರವನ್ನು ಮೈಮೇಲೆ ಹೊರುತ್ತಾನೆ. ರಕ್ತ ತಲೆಯಿಂದ ಕೆಳಗಿಳಿದು ಬಣ್ಣಗಳು ಮಾಸಿ, ನೋಟ ಸುರಂಗದಂತೆ ಕಿರಿದಾಗುತ್ತದೆ. ಹೊಟ್ಟೆ, ತೊಡೆ ಬಿಗಿಹಿಡಿದು ಉಸಿರನ್ನು ಅಳೆದು ಬಿಡುವ ಪಾಠವನ್ನು ಅಲ್ಲಿ ಕಲಿತವನು ಮೇಲೆ ಸುಲಭಕ್ಕೆ ಎಚ್ಚರ ತಪ್ಪುವುದಿಲ್ಲ. 1984ರಲ್ಲಿ ಬಾಹ್ಯಾಕಾಶಕ್ಕೇರಿದ ರಾಕೇಶ್ ಶರ್ಮಾ ಅವರನ್ನು ಆಯ್ಕೆಯ ದಿನಗಳಲ್ಲಿ ಬೆಂಗಳೂರಿನಲ್ಲೇ 72 ಗಂಟೆ ಕೋಣೆಯೊಂದರಲ್ಲಿ ಒಬ್ಬರನ್ನೇ ಕೂಡಿಹಾಕಿ ಪರೀಕ್ಷಿಸಿದ್ದರು. ಇಕ್ಕಟ್ಟಿನ ಭಯ ಅವರೊಳಗೆ ಎಲ್ಲಾದರೂ ಅಡಗಿದೆಯೇ ಎಂಬುದು ನೆಲದ ಮೇಲೆಯೇ ತಿಳಿಯಬೇಕಿತ್ತು.

ಈ ಚರಿತ್ರೆಯ ಅತಿ ಕಠಿಣ ಅಧ್ಯಾಯ ತೇಜಸ್‌ನದು. ಈ ಹಗುರ ಯುದ್ಧವಿಮಾನವನ್ನು ಚುರುಕಾಗಿ ಹೊರಳಲೆಂದೇ ಅಸ್ಥಿರವಾಗಿ ರೂಪಿಸಿದ್ದರು. ಅಂಗೈ ಮೇಲೆ ಕೋಲು ನಿಲ್ಲಿಸಿದವನು ಗಳಿಗೆಗೊಮ್ಮೆ ಕೈ ಸರಿಸುತ್ತಲೇ ಇರಬೇಕಲ್ಲವೆ? ಹಾಗೆ ಗಣಕವು ಸೆಕೆಂಡಿಗೆ ಹಲವು ಸಲ ರೆಕ್ಕೆಯ ಪಟ್ಟಿಗಳನ್ನು ತಿದ್ದುತ್ತಿದ್ದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ. ಆ ತಿದ್ದುವಿಕೆಯ ನಿಯಮಗಳನ್ನು ಬರೆಯಲು 1992ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಮುಂದಾಳತ್ವದಲ್ಲಿ ಒಂದು ತಂಡ ಕೂಡಿತು. ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ ಕಟ್ಟಿದ ಸಿಮ್ಯುಲೇಟರ್‌ನಲ್ಲಿ ಪರೀಕ್ಷಾ ಪೈಲಟ್‌ಗಳು ಕುಳಿತು, ಇನ್ನೂ ನೆಲ ಬಿಡದ ವಿಮಾನವನ್ನು ಹಾರಿಸಿ, ಎಲ್ಲಿ ಕೈಗೆ ಒರಟು, ಎಲ್ಲಿ ಅತಿ ಚುರುಕು ಎಂದು ಹೇಳುತ್ತ ಹೋದರು. ಎಂಜಿನಿಯರುಗಳು ನಿಯಮಗಳನ್ನು ತಿದ್ದುತ್ತ ಹೋದರು.

1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿತು. ಇದೇ ಕೆಲಸಕ್ಕಾಗಿ ಅಲ್ಲಿನ ಕಂಪನಿಯೊಡನೆ ದುಡಿಯುತ್ತಿದ್ದ ನಮ್ಮವರು ಉಪಕರಣಗಳನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಮರಳಿದರು. ಉಳಿದದ್ದು ತಲೆಯಲ್ಲಿದ್ದ ವಿದ್ಯೆ, ಬೆಂಗಳೂರಿನ ಸಿಮ್ಯುಲೇಟರ್ ಮತ್ತು ‘ಕಬ್ಬಿಣದ ಹಕ್ಕಿ’. ವಿಮಾನದ ನಿಜವಾದ ಹೈಡ್ರಾಲಿಕ್ ಕೊಳವೆಗಳನ್ನೂ ಹಾರಾಟ ನಿಯಂತ್ರಣ ವ್ಯವಸ್ಥೆಯನ್ನೂ ಕಬ್ಬಿಣದ ಚೌಕಟ್ಟಿಗೆ ಜೋಡಿಸಿದ ಆ ಹಕ್ಕಿ ಎಂದೂ ಹಾರಲಿಲ್ಲ, ಹಾರಬೇಕಾಗಿಯೂ ಇರಲಿಲ್ಲ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ತೇಜಸ್ ಏರಿ ಬೆಂಗಳೂರಿನಿಂದ ಮೇಲೆದ್ದು 18 ನಿಮಿಷ ಹಾರಿ ಸುಖವಾಗಿ ಇಳಿದರು. ಲೋಕ ಕಂಡದ್ದು ಮೊದಲ ಹಾರಾಟ. ಅದರ ಹಿಂದೆ ನೆಲದ ಮೇಲೆ ನಡೆದ ಅಸಂಖ್ಯ ಹಾರಾಟಗಳಿದ್ದವು. ಹಲವು ಸೋಲುಗಳೂ ಇದ್ದವು, ಯಾರ ಮನೆಯಲ್ಲೂ ಸೂತಕ ತರದ ಸೋಲುಗಳು.

ಆ ಭಾಗ್ಯ ಎಲ್ಲ ತರುಣರಿಗೂ ಸಕಾಲದಲ್ಲಿ ದೊರೆಯಲಿಲ್ಲವೆಂಬುದನ್ನೂ ಚರಿತ್ರೆ ಬರೆದಿಡಬೇಕು. ನಿಧಾನಗತಿಯ ತರಬೇತಿ ವಿಮಾನದಿಂದ ಇಳಿದು ನೇರವಾಗಿ ಮಿಗ್-21ರ ವೇಗಕ್ಕೆ ಏರುತ್ತಿದ್ದ ಎಳೆಯ ಪೈಲಟ್‌ಗಳಿಗೆ ನಡುವೆ ಒಂದು ಮೆಟ್ಟಿಲು ಬೇಕೆಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಆ ಮೆಟ್ಟಿಲಾಗಬೇಕಿದ್ದ 66 ಹಾಕ್ ತರಬೇತಿ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ, ಬೀದರಿನ ನೆಲೆಯಲ್ಲಿ ಅವು ವಿಧಿವತ್ತಾಗಿ ಸೇರಿದ್ದು 2008ರಲ್ಲಿ. ನಡುವಿನ ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡವು. ಇಂದು ಬೀದರಿನ ಶಿಷ್ಯ ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೆಡಿಸಿಕೊಂಡು, ಸರಿಪಡಿಸಿಕೊಂಡು, ಆಮೇಲೆ ಹಾಕ್ ಹತ್ತುತ್ತಾನೆ. 2010ರಿಂದ ಬೆಂಗಳೂರಿನ ಹ್ಯಾಟ್ಸಾಫ್ ಅಕಾಡೆಮಿಯಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೂ ಅಂಥ ಆಸರೆ ಇದೆ. ಒಂದೇ ಯಂತ್ರಕ್ಕೆ ಕಾಕ್‌ಪಿಟ್ ಬದಲಿಸಿ ಇಂದು ಧ್ರುವ, ನಾಳೆ ಬೆಲ್ 412 ಎಂದು ಹಾರಬಹುದು. ಲಿಂಕ್‌ನ ತಿದಿಗಳ ಜಾಗದಲ್ಲಿ ಆರು ಕಾಲಿನ ಪೀಠ ಬಂದಿದೆ. ಮುಚ್ಚಳದ ಕತ್ತಲೆಯ ಜಾಗದಲ್ಲಿ ಗಣಕ ಬರೆದ ಬೆಟ್ಟ, ಮಳೆ, ಮೋಡ ಬಂದಿವೆ. ಹೊರಗೆ ಗುರು ಕುಳಿತೇ ಇದ್ದಾನೆ.

ಕಿಗ್ಗದ ಮಳೆದೇವರ ಕಥೆ ದೋಣಿಯಲ್ಲಿ ಮುಗಿಯುವುದಿಲ್ಲ. ಹುಸಿ ಮರಗಳ ನೆರಳಿನಲ್ಲಿ ಕುಳಿತು ತೇಲಿಬಂದ ಹುಡುಗ ದಡಕ್ಕಿಳಿದು ಅಂಗದ ಬಿರುಕುಬಿಟ್ಟ ನೆಲವನ್ನು ಮೆಟ್ಟಿದಾಗ, ಮೇಲಿನಿಂದ ಸುರಿದದ್ದು ದಿಟದ ಮಳೆ. ಸಿಮ್ಯುಲೇಟರ್‌ನ ಮೋಡ ದಾಟಿ ಬಂದ ಪೈಲಟ್ ಒಂದು ಆಷಾಢದ ಮಧ್ಯಾಹ್ನ ಪಶ್ಚಿಮಘಟ್ಟದ ಕಪ್ಪು ಮುಗಿಲೊಳಗೆ ಹೊಗುತ್ತಾನೆ. ಎಡಕ್ಕೆ ವಾಲಿದ್ದೇನೆಂದು ಕಿವಿ ಕೂಗುತ್ತದೆ. ಮುಂದಿನ ಮುಳ್ಳು ನೆಟ್ಟಗಿದೆಯೆನ್ನುತ್ತದೆ. ಅವನು ಮುಳ್ಳನ್ನು ನಂಬುತ್ತಾನೆ, ಕೈ ಅಲುಗಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಮೋಡ ಹರಿದು, ಕೆಳಗೆ ಹಸಿರು ಕಾಣುತ್ತದೆ.