ಸೋರೆಬುರುಡೆಯ ಚೆಲ್ಲೋ

ಊರಿನ ಭಜನೆ ಮನೆಯಲ್ಲಿ ನಾನು ಹಾರ್ಮೋನಿಯಂ ಮುಟ್ಟಿದಾಗಲೆಲ್ಲ ಅಪ್ಪ ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಇದು ಅನ್ನ ಹಾಕುತ್ತಾ?" ನಾನು ಬಿಇ ಮಾಡಿದೆ. ಇದೇ ಪ್ರಶ್ನೆಯನ್ನ ಸ್ಪೇನ್ ದೇಶದ ಕ್ಯಾಟಲೋನಿಯಾದ ಒಬ್ಬ ಅಪ್ಪನೂ ಕೇಳಿದ್ದ. ತಮಾಷೆ ಏನಂದ್ರೆ, ಆತ ಸ್ವತಃ ಸಂಗೀತಗಾರ.

ಹೆಸರು ಕಾರ್ಲೆಸ್ ಕಸಾಲ್ಸ್. ವೆಂಡ್ರೆಲ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸೋದು, ಸಂಗೀತ ಪಾಠ ಹೇಳೋದು. ಸಂಪಾದನೆ ಅಷ್ಟಕ್ಕಷ್ಟೆ. 1876ರಲ್ಲಿ ಹುಟ್ಟಿದ ಮಗನೇ ಮುಂದೆ ಜಗತ್ಪ್ರಸಿದ್ಧನಾದ ಪಾಬ್ಲೋ ಕಸಾಲ್ಸ್. ಕಾಲು ಪೆಡಲ್ಲಿಗೆ ಎಟುಕೋವರೆಗೂ ಆರ್ಗನ್ ನುಡಿಸೋ ಹಾಗಿಲ್ಲ ಅಂತ ಅಪ್ಪನ ಷರತ್ತು. ಒಂಬತ್ತನೇ ವಯಸ್ಸಿಗೆ ಕಾಲು ಎಟುಕಿತು. ಅಲೆಮಾರಿ ವಾದ್ಯಗಾರರ ವಿಚಿತ್ರ ವಾದ್ಯ ನೋಡಿ ಹುಡುಗ ಮರುಳಾದಾಗ, ಅಪ್ಪ ಸೋರೆಬುರುಡೆಗೆ ಒಂದೇ ತಂತಿ ಕಟ್ಟಿ ವಾದ್ಯ ಮಾಡಿಕೊಟ್ಟ. ನಮ್ಮ ತಂಬೂರಿಯ ಬುರುಡೆ ನೆನಪಿಸ್ಕೊಳ್ಳಿ!

ಹನ್ನೊಂದನೇ ವಯಸ್ಸಲ್ಲಿ ಹುಡುಗ ನಿಜವಾದ ಚೆಲ್ಲೋ ಕೇಳಿದ. ಪಿಟೀಲಿನ ದೊಡ್ಡಣ್ಣನಂಥ ಈ ವಾದ್ಯವನ್ನ ಕೂತು, ಮಂಡಿಗಳ ನಡುವೆ ಇಟ್ಕೊಂಡು ನುಡಿಸ್ತಾರೆ. ಅದೇ ಬೇಕು ಅಂದ. ಅಪ್ಪನಿಗೋ ಮಗ ಬಡಗಿ ಕೆಲಸ ಕಲಿತರೆ ಸಾಕು. ಸಂಗೀತದಲ್ಲಿ ಹೊಟ್ಟೆಪಾಡು ಎಷ್ಟು ಕಷ್ಟ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮ ಪಿಲಾರ್ ಜಗಳವಾಡಿ ಮಗನನ್ನ ಬಾರ್ಸಿಲೋನಾಕ್ಕೆ ಕರ್ಕೊಂಡು ಹೋದಳು.

ಆದ್ರೆ ಅಪ್ಪ ಕೈಬಿಡಲಿಲ್ಲ. 1890ರಲ್ಲಿ ಮಗನಿಗೆ ಪೂರ್ಣ ಅಳತೆಯ ಚೆಲ್ಲೋ ಕೊಡಿಸಿದ. ಇಬ್ಬರೂ ಸ್ವರಲಿಪಿ ಹುಡುಕ್ತಾ ಬಂದರಿನ ಹತ್ತಿರದ ಹಳೇ ಅಂಗಡಿಗೆ ಹೋದರು. ಅಲ್ಲಿ ಸಿಕ್ಕಿದ್ದು ಬಾಖ್ ರಚಿಸಿದ ಆರು ಚೆಲ್ಲೋ ಸೂಟ್‌ಗಳು. ಆಗ ಅವನ್ನ ಬರೀ ಅಭ್ಯಾಸದ ಪಾಠ ಅಂತಲೇ ಹೆಚ್ಚಿನವರು ತಿಳಿದಿದ್ದರು. ಪಾಬ್ಲೋ ಹನ್ನೆರಡು ವರ್ಷ ಸಾಧನೆ ಮಾಡಿ, ಆಮೇಲಷ್ಟೇ ಒಂದು ಸೂಟ್ ಪೂರ್ತಿಯಾಗಿ ಕಛೇರಿಯಲ್ಲಿ ನುಡಿಸಿದ. 1936ರಿಂದ 1939ರ ಒಳಗೆ ಆರನ್ನೂ ಧ್ವನಿಮುದ್ರಿಸಿದ. ಇವತ್ತು ಅವನ್ನ ಕಲಿಯದ ಚೆಲ್ಲೋ ವಾದಕರೇ ಅಪರೂಪ.

ಅದೇ ವರ್ಷಗಳಲ್ಲಿ ಸ್ಪೇನ್ ಅಂತರ್ಯುದ್ಧದಲ್ಲಿ ಬೇಯ್ತಿತ್ತು. ಫ್ರಾಂಕೋ ಗೆದ್ದ, ಕಸಾಲ್ಸ್ ದೇಶ ಬಿಟ್ಟ. ಎರಡನೇ ಮಹಾಯುದ್ಧದ ನಂತರವೂ ದೊಡ್ಡ ದೇಶಗಳು ಫ್ರಾಂಕೋನನ್ನ ಸಹಿಸಿಕೊಂಡಾಗ, ಪ್ರತಿಭಟಿಸಿ ಕಛೇರಿ ಕೊಡೋದನ್ನೇ ನಿಲ್ಲಿಸಿದ. ಅನ್ನ ಹಾಕೋ ವಿದ್ಯೆಯನ್ನೇ ಪಕ್ಕಕ್ಕಿಟ್ಟ ನೋಡಿ. ಮತ್ತೆ ವೇದಿಕೆಗೆ ಬಂದದ್ದು 1950ರಲ್ಲಿ, ಗಡಿಯಾಚೆಯ ಪ್ರಾಡ್ ಊರಿನಲ್ಲಿ, ಬಾಖ್‌ಗಾಗಿ. 1971ರಲ್ಲಿ, 94ರ ವಯಸ್ಸಲ್ಲಿ, ವಿಶ್ವಸಂಸ್ಥೆಯಲ್ಲಿ ನುಡಿಸಿದ್ದು ತನ್ನ ನಾಡಿನ ಜನಪದ ಹಾಡು. 1973ರಲ್ಲಿ ಪೋರ್ಟೊ ರಿಕೋದಲ್ಲಿ ತೀರಿಕೊಂಡ. ಫ್ರಾಂಕೋ ಕಾಲ ಮುಗಿದ ಮೇಲೆ, 1979ರಲ್ಲಿ, ಅವಶೇಷ ವೆಂಡ್ರೆಲ್‌ಗೆ ಮರಳಿತು.

ಬೇಡ ಅಂದವನೂ ಅಪ್ಪನೇ, ಬುರುಡೆಗೆ ತಂತಿ ಕಟ್ಟಿದವನೂ ಅಪ್ಪನೇ. ಇದನ್ನ ಓದಿದ ಮೇಲೆ ಒಂದು ವಿಷಯ ನೆನಪಾಯ್ತು. "ಅನ್ನ ಹಾಕುತ್ತಾ" ಅಂತ ಕೇಳ್ತಿದ್ದ ನಮ್ಮಪ್ಪ, ಪ್ರತಿ ಶನಿವಾರ ಆ ಭಜನೆಗೆ ತಾಳ ಹಾಕ್ತಿದ್ದ.