ಆರೋಗ್ಯ ಸಂದೇಶ (ಕೊಪ್ಪಳ ಸೀಮೆ)

ರೋಗ ತಡೆ, ಹೆರಿಗೆ, ಆಹಾರ, ಕುಡಿಯುವ ನೀರು ಇವುಗಳ ಕುರಿತ ತಿಳಿವಳಿಕೆಯನ್ನು ಜನರ ಮಾತು, ನಂಬಿಕೆ, ಕಸುಬುಗಳಿಗೆ ಹೊಂದಿಸಿ ಮುಟ್ಟಿಸುವ ಕೆಲಸ. ಕರ್ನಾಟಕದಲ್ಲಿ ಇದರ ಹಳೆಯ ಕುರುಹುಗಳಲ್ಲಿ ಒಂದು, 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ತೈಲಚಿತ್ರ. ಅದರಲ್ಲಿರುವ ಮೂವರೂ ಮೈಸೂರು ಅರಮನೆಯ ಸ್ತ್ರೀಯರೆಂದೂ, ಒಬ್ಬಾಕೆ ಸೆರಗು ಸರಿಸಿ ದೇವಿ (ಸಿಡುಬಿನ ಲಸಿಕೆ) ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾಳೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ವಾದಿಸಿದರು. ಸಿಡುಬು ಅಮ್ಮನ ಬರುವಿಕೆ ಎಂದು ನಂಬಿದ್ದ ಕಾಲದಲ್ಲಿ ಅರಮನೆಯ ತೋಳಿಗಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರಿನಂಥ ಊರುಗಳ ಕಥೆ ಬೇರೆ. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಹೊಲದ ಭಾಷೆ ಕನ್ನಡ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ ಕಡೆ ಆಂಧ್ರದ ರೈತರ ಕ್ಯಾಂಪ್‌ಗಳು ಎದ್ದವು. ಇಂದು ಒಂದೇ ಜಿಲ್ಲೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕೇಳಿಸುತ್ತವೆ. ಒಂದೇ ಭಿತ್ತಿಪತ್ರ ಎಲ್ಲರಿಗೂ ಸಾಕೆನ್ನುವುದು ಇಲ್ಲಿ ನಡೆಯದ ಮಾತು.

ಭಾಷೆಯೊಂದೇ ಅಡ್ಡಿಯಲ್ಲ. ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದಲ್ಲಿ ಅಧ್ಯಯನ ಮಾಡಿ, ಬಸುರಿನ ಆಹಾರದ ಬಗ್ಗೆ ಜನರಿಗೆ ಅವರದೇ ತರ್ಕವಿದೆ ಎಂದು 1983ರಲ್ಲಿ ಬರೆದರು. ಆರೋಗ್ಯದ ಹೊಸ ವಿಚಾರಗಳನ್ನು ಪರಿಚಿತ ಬೇಸಾಯದ ಹೋಲಿಕೆಗಳಿಂದ ತಿಳಿಸುವ ದಾರಿಯನ್ನೂ ತೋರಿಸಿದರು. ಗದ್ದೆಯ ಹೋಲಿಕೆ ಗಂಗಾವತಿಯಲ್ಲಿ ನಾಟೀತು. ಜೋಳ, ಸಜ್ಜೆ ಬೆಳೆಯುವ ಯಲಬುರ್ಗಾಕ್ಕೆ ಬೇರೆಯದೇ ಬೇಕು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಬಳಿಕ ಆಯಾ ಊರಿನ ಆಶಾ ಕಾರ್ಯಕರ್ತೆಯೇ ಸಂದೇಶಕ್ಕೆ ದನಿಯಾದಳು. ಆದರೆ ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋಗುತ್ತಾಳೆ; ಗಂಡನ ಊರಿನಲ್ಲಿ ಕೇಳಿದ ಮಾತು ತವರಿನ ಹಿರಿಯಳಿಗೂ ತಲುಪಬೇಕು. ಇದನ್ನು ಮರೆತ ಯೋಜನೆ ಅರ್ಧದಲ್ಲೇ ನಿಲ್ಲುತ್ತದೆ.

ನೀರಿನ ವಿಷಯದಲ್ಲಿ ತಪ್ಪು ಸಂದೇಶ ಇನ್ನೂ ದುಬಾರಿ. ವಾಂತಿಭೇದಿ ತಡೆಯಲು ನೀರು ಕಾಯಿಸಿ ಕುಡಿಯಿರಿ ಎಂದು ಎಲ್ಲೆಡೆ ಹೇಳುತ್ತಾರೆ. ಆದರೆ ಯಲಬುರ್ಗಾ, ಕುಷ್ಟಗಿ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಮುಂದೆ ಕೀಲು, ಬೆನ್ನಿಗೆ ಬಿಗಿತ. ಆದ್ದರಿಂದ ಇಲ್ಲಿ, ಕಾಯಿಸಿ ಎನ್ನುವ ಮೊದಲು, ಯಾವ ಬೋರಿನ ನೀರು ಬೇಡ, ಯಾವ ಶುದ್ಧ ನೀರಿನ ಘಟಕದಿಂದ ತರಬೇಕು ಎಂದು ಊರೂರಿಗೆ ಹೆಸರಿಟ್ಟು ಹೇಳಬೇಕಾಗುತ್ತದೆ.