ಸೌರ ಜಲತಾಪಕ: ಗಾಳಿ ಕವಾಟ ಕೆಟ್ಟಾಗ ಏನು ಮಾಡಬೇಕು?

ಗುಬ್ಬಿ ತಾಲ್ಲೂಕಿನ ಕಡಬದಂತಹ ಊರುಗಳಲ್ಲಿಯೂ ಈಗ ಬಚ್ಚಲುಮನೆಯ ಹಂಡೆಯ ಸ್ಥಾನವನ್ನು ತಾರಸಿಯ ಸೌರ ಜಲತಾಪಕ ಆಕ್ರಮಿಸಿಕೊಂಡಿದೆ. (ಇದು ದಕ್ಷಿಣ ಕನ್ನಡದ ಕಡಬವಲ್ಲ.) ನಗರಗಳಲ್ಲಂತೂ 2007ರಲ್ಲಿ ರಾಜ್ಯ ಸರ್ಕಾರವು ನಿರ್ದಿಷ್ಟ ವರ್ಗದ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿದ ಮೇಲೆ ಬಳಕೆ ವ್ಯಾಪಕವಾಯಿತು. ಆದರೆ ಬಿಸಿಲು ಚೆನ್ನಾಗಿದ್ದರೂ ಬಿಸಿನೀರು ಬಾರದಿರುವುದು, ನಲ್ಲಿ ಬುಸುಗುಟ್ಟುವುದು, ತೊಟ್ಟಿಯ ನೆತ್ತಿಯಿಂದ ನೀರು ಸದಾ ತೊಟ್ಟಿಕ್ಕುವುದು ಸಾಮಾನ್ಯ ದೂರುಗಳು. ಇವುಗಳಲ್ಲಿ ಬಹುಪಾಲಿಗೆ ಮೂಲ ಗಾಳಿಯೇ.

ತಣ್ಣೀರಿನಲ್ಲಿ ಕರಗಿರುವ ಗಾಳಿಯು ನೀರು ಕಾದಂತೆ ಗುಳ್ಳೆಯಾಗಿ ಹೊರಬರುತ್ತದೆ. ಬಿಸಿನೀರು ಹಗುರವಾಗಿ ತಾನಾಗಿಯೇ ಮೇಲೇರಿ, ತಣ್ಣೀರು ಕೆಳಗಿಳಿಯುವ ಹರಿವಿನ ಮೇಲೆಯೇ ಈ ಯಂತ್ರ ನಿಂತಿರುವುದರಿಂದ, ನಡುವೆ ಗಾಳಿ ಸಿಕ್ಕಿಕೊಂಡರೆ ಹರಿವು ಕಡಿದುಹೋಗುತ್ತದೆ. ಇದನ್ನು ತಡೆಯಲೆಂದೇ ತೊಟ್ಟಿಯ ಮೇಲ್ಭಾಗದಲ್ಲಿ ತೆರೆದ ಗಾಳಿ ಕೊಳವೆಯನ್ನೋ, ಒತ್ತಡದ ಪಂಪ್ ಇರುವಲ್ಲಿ ಹಿತ್ತಾಳೆಯ ಸ್ವಯಂಚಾಲಿತ ಗಾಳಿ ಕವಾಟವನ್ನೋ ಇಟ್ಟಿರುತ್ತಾರೆ. ಕವಾಟದೊಳಗೆ ಒಂದು ತೇಲುಬುರುಡೆ ಇರುತ್ತದೆ. ಗಾಳಿ ತುಂಬಿದಾಗ ಅದು ಕೆಳಗಿಳಿದು ರಂಧ್ರ ತೆರೆಯುತ್ತದೆ. ನೀರು ಬಂದಾಗ ಮೇಲೆದ್ದು ಮುಚ್ಚುತ್ತದೆ.

ತುಮಕೂರು ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಕಾದಾಗ ಅದರಲ್ಲಿರುವ ಸುಣ್ಣದಂಶ ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತದೆ. ತಾಪಮಾನ 60 ಡಿಗ್ರಿ ಸೆಲ್ಷಿಯಸ್ ಮೀರಿದರೆ ಈ ಕ್ರಿಯೆ ಇನ್ನೂ ತೀವ್ರ. ಕವಾಟದ ರಂಧ್ರದಲ್ಲಿ ಈ ಪದರ ಕುಳಿತು ಅದು ಪೂರ್ತಿ ಮುಚ್ಚದಿದ್ದರೆ ಸೋರುತ್ತದೆ. ತೆರೆಯದೇ ಕಚ್ಚಿಕೊಂಡರೆ ಗಾಳಿ ಒಳಗೇ ಉಳಿಯುತ್ತದೆ.

ಸೋರುವ ಕವಾಟ ಅಥವಾ ಕೊಳವೆಯ ಬಾಯಿಗೆ ಬಿರಡೆ ಹಾಕಿ ಮುಚ್ಚುವವರುಂಟು. ಇದು ಅತ್ಯಂತ ಅಪಾಯಕಾರಿ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದರೆ ನೀರು ಕುದಿದು ಆವಿಯ ಒತ್ತಡದಿಂದ ತೊಟ್ಟಿ ಬಿರಿಯಬಹುದು. ಇದಕ್ಕೆ ವಿರುದ್ಧವಾಗಿ, ತಣ್ಣೀರಿನ ಪೂರೈಕೆ ನಿಂತಿರುವಾಗ ಕೆಳಗೆ ಬಿಸಿನೀರು ಎಳೆದರೆ ಒಳಗೆ ನಿರ್ವಾತ ಉಂಟಾಗಿ ಒಳತೊಟ್ಟಿಯೇ ನುಗ್ಗಾಗಿ ಕುಗ್ಗುತ್ತದೆ.

ಎಲ್ಲ ಸೋರಿಕೆಯೂ ಕವಾಟದ ದೋಷವಲ್ಲ. ತೆರೆದ ಗಾಳಿ ಕೊಳವೆಯ ಬಾಯಿ ತಣ್ಣೀರಿನ ತೊಟ್ಟಿಯ ತುಂಬು ಮಟ್ಟಕ್ಕಿಂತ ಕನಿಷ್ಠ ಒಂದಡಿಯಾದರೂ ಎತ್ತರದಲ್ಲಿರಬೇಕು. ಮನೆಗೆ ಮತ್ತೊಂದು ಅಂತಸ್ತು ಕಟ್ಟಿ ನೀರಿನ ತೊಟ್ಟಿಯನ್ನು ಎತ್ತರಿಸಿದವರು ಕೊಳವೆಯನ್ನು ಮರೆತಿರುತ್ತಾರೆ. ಅಂಥಲ್ಲಿ ಕೊಳವೆಗೆ ತುಂಡು ಸೇರಿಸಿ ಎತ್ತರಿಸಿದರೆ ಸಾಕು. ಹೊಸ ಕವಾಟ ಕೊಳ್ಳುವುದು ವ್ಯರ್ಥ ಖರ್ಚು.

ಕವಾಟವನ್ನು ಶುಚಿಗೊಳಿಸುವುದಾದರೆ ಹಿಂದಿನ ದಿನವೇ ಫಲಕಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಬಿಸಿನೀರನ್ನು ಬಳಸಿ ಖಾಲಿ ಮಾಡಬೇಕು. ಮುಂಜಾನೆ ಪಂಪ್ ನಿಲ್ಲಿಸಿ, ತಣ್ಣೀರು ಒಳಬರುವ ಗೇಟ್‌ವಾಲ್ವ್ ಮುಚ್ಚಿ, ಬಿಸಿನೀರಿನ ಒಂದು ನಲ್ಲಿಯನ್ನು ಕ್ಷಣಕಾಲ ಮಾತ್ರ ತೆರೆದರೆ ಒತ್ತಡ ಇಳಿಯುತ್ತದೆ. ಹೆಚ್ಚು ನೀರು ಹರಿಸಬಾರದು. ಕವಾಟ ಕಚ್ಚಿಕೊಂಡಿದ್ದರೆ ಮೇಲೆ ಹೇಳಿದ ನಿರ್ವಾತದ ಅಪಾಯವಿದೆ. ನಂತರ ಮುಖವನ್ನು ದೂರವಿಟ್ಟುಕೊಂಡು ಕವಾಟವನ್ನು ನಿಧಾನವಾಗಿ ಸಡಿಲಿಸಬೇಕು. ಬಿಚ್ಚಿದ ಕವಾಟವನ್ನು ನಿಂಬೆ ಉಪ್ಪು ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿದರೆ ಸುಣ್ಣದ ಪದರ ಕರಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಬಾರದು, ಅದು ಹಿತ್ತಾಳೆಯನ್ನೇ ತಿನ್ನುತ್ತದೆ. ತಿರುಪಿನ ಮೇಲೆ ಹೊಸ ಟೆಫ್ಲಾನ್ ಟೇಪ್ ಸುತ್ತಿ ಮರುಜೋಡಿಸಬೇಕು. ತೇಲುಬುರುಡೆಯೊಳಗೆ ನೀರು ಹೊಕ್ಕಿದ್ದರೆ ಕವಾಟವನ್ನೇ ಬದಲಿಸುವುದು ಲೇಸು.

ಕವಾಟ ಸರಿಯಿದ್ದೂ ಬಿಸಿನೀರು ಬಾರದಿದ್ದರೆ ಕೊಳವೆಮಾರ್ಗವನ್ನು ಗಮನಿಸಬೇಕು. ತೊಟ್ಟಿಯಿಂದ ಬಚ್ಚಲಿಗೆ ಬರುವ ಕೊಳವೆ ಸತತವಾಗಿ ಇಳಿಜಾರಾಗಿರಬೇಕು. ನಡುವೆ ಉಬ್ಬು ಇದ್ದಲ್ಲಿ ಗಾಳಿ ಕೂರುತ್ತದೆ. ತಾತ್ಕಾಲಿಕವಾಗಿ ತಣ್ಣೀರಿನ ನಲ್ಲಿಯಿಂದ ಬಿಸಿನೀರಿನ ನಲ್ಲಿಗೆ ರಬ್ಬರ್ ಕೊಳವೆ ಜೋಡಿಸಿ ಎರಡನ್ನೂ ತೆರೆದರೆ ಹಿಮ್ಮುಖ ಒತ್ತಡಕ್ಕೆ ಗಾಳಿ ಮೇಲಕ್ಕೆ ಸರಿಯುವುದುಂಟು.

ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೇ ತೊಂದರೆ ಕೋಣೆ ಬಿಸಿ ಮಾಡುವ ರೇಡಿಯೇಟರ್‌ಗಳಲ್ಲಿ ಎದುರಾಗುತ್ತದೆ. ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸೇರಿದೆ ಎಂದರ್ಥ. ಬಾಯ್ಲರ್ ಆರಿಸಿ, ತಣಿದ ಮೇಲೆ ಬದಿಯ ಚಿಕ್ಕ ತಿರುಪನ್ನು ಅದರ ಕೀಲಿಯಿಂದ ಎಡಕ್ಕೆ ತುಸುವೇ ತಿರುಗಿಸಿ, ಬುಸ್ ಶಬ್ದ ನಿಂತು ನೀರು ಜಿನುಗಿದೊಡನೆ ಮುಚ್ಚಬೇಕು. ಆ ಬಳಿಕ ಬಾಯ್ಲರಿನ ಒತ್ತಡಮಾಪಕವನ್ನು ನೋಡಿ, ಇಳಿದಿದ್ದರೆ ನೀರು ತುಂಬಬೇಕು.